ಹವೆಗೆ ತಕ್ಕ ಹೊದಿಕೆ

ಮಾಗಿಯ ಮುಂಜಾನೆ ಮಂಡ್ಯದ ಗದ್ದೆಬಯಲಿನ ಮೇಲೆ ಮಂಜು ಕವಿದಿರುವಾಗ ಹವೆಯ ಉಷ್ಣತೆ 15, 16 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯುವುದುಂಟು. ಅದೇ ಬಯಲಿನಲ್ಲಿ ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಅದು 36, 37 ಡಿಗ್ರಿಗೆ ಏರುವುದೂ ಉಂಟು. ಆದರೆ ಆ ಬಯಲಿನಲ್ಲಿ ದುಡಿಯುವ ರೈತನ ಮೈಯ ಉಷ್ಣತೆ ಮಾಗಿಯಲ್ಲಿಯೂ ಬೇಸಗೆಯಲ್ಲಿಯೂ 37 ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಅದಕ್ಕಿಂತ ಎರಡು ಡಿಗ್ರಿ ಏರಿದರೆ ನಾವು ಜ್ವರವೆನ್ನುತ್ತೇವೆ. ಎರಡು ಡಿಗ್ರಿ ಇಳಿದರೆ ಮೈ ಗಡಗಡನೆ ನಡುಗುತ್ತದೆ. ಹೊರಗಿನ ಇಪ್ಪತ್ತು ಡಿಗ್ರಿಗಳ ಏರಿಳಿತವನ್ನು ಒಳಗಿನ ಒಂದು ಡಿಗ್ರಿಯಷ್ಟಕ್ಕೆ ಹಿಡಿದಿಡುವುದು ಸುಲಭದ ಕೆಲಸವಲ್ಲ. ಪ್ರಕೃತಿಯು ಈ ಕೆಲಸಕ್ಕಾಗಿ ಕುರಿಗೆ ಉಣ್ಣೆಯನ್ನೂ ಹಕ್ಕಿಗೆ ಪುಕ್ಕವನ್ನೂ ಕೊಟ್ಟು ಕಳುಹಿಸಿತು. ಮನುಷ್ಯನನ್ನು ಬರಿಮೈಯಲ್ಲಿ ಕಳುಹಿಸಿತು. ಅವನು ಈ ಕೊರತೆಯನ್ನು ಎರಡು ಬಗೆಯ ಹೊದಿಕೆಗಳಿಂದ ತುಂಬಿಕೊಂಡನು. ಮೈಗೆ ಅಂಟಿಕೊಂಡಿರುವ ಹೊದಿಕೆ ಬಟ್ಟೆ. ಮೈಯಿಂದ ಸ್ವಲ್ಪ ದೂರ ನಿಂತಿರುವ ಹೊದಿಕೆ ಮನೆ.

ಶಾಖವು ಬಿಸಿಯಾಗಿರುವ ಕಡೆಯಿಂದ ತಣ್ಣಗಿರುವ ಕಡೆಗೆ ಹರಿಯುತ್ತದೆ. ಈ ಹರಿವನ್ನು ಪೂರ್ತಿಯಾಗಿ ನಿಲ್ಲಿಸುವ ವಸ್ತು ಲೋಕದಲ್ಲಿ ಇಲ್ಲ, ನಿಧಾನಗೊಳಿಸುವ ವಸ್ತುಗಳಿವೆ. ಇವನ್ನು ಉಷ್ಣನಿರೋಧಕಗಳೆಂದು ಕರೆಯುತ್ತಾರೆ. ಕಂಬಳಿ ಬೆಚ್ಚಗಿದೆ ಎಂದು ನಾವು ಹೇಳುತ್ತೇವಾದರೂ ಕಂಬಳಿಯಲ್ಲಿ ಕೆಂಡವೇನೂ ಇಲ್ಲ. ಅದೇ ಕಂಬಳಿಯನ್ನು ಒಂದು ಮಂಜುಗಡ್ಡೆಗೆ ಹೊದಿಸಿದರೆ ಮಂಜುಗಡ್ಡೆಯೂ ಬಹಳ ಹೊತ್ತು ಕರಗದೆ ಉಳಿಯುತ್ತದೆ. ಮೈಯ ಶಾಖ ಹೊರಕ್ಕೆ ಹೋಗದಂತೆ ತಡೆಯುವ ವಸ್ತುವೇ ಹೊರಗಿನ ಶಾಖ ಮಂಜುಗಡ್ಡೆಗೆ ತಾಗದಂತೆಯೂ ತಡೆಯುತ್ತದೆ.

ಇಲ್ಲಿ ನಿಜವಾಗಿ ಕೆಲಸ ಮಾಡುವುದು ಉಣ್ಣೆಯೂ ಅಲ್ಲ, ಹುಲ್ಲೂ ಅಲ್ಲ. ಅವುಗಳ ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿ. ನಿಶ್ಚಲವಾದ ಗಾಳಿಗಿಂತ ಕಾಂಕ್ರೀಟು ಸುಮಾರು 60 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಉಕ್ಕಾದರೋ ಸುಮಾರು 2000 ಪಟ್ಟು. ನೀರು ಸಹ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ಮಳೆಯಲ್ಲಿ ನೆನೆದ ಹತ್ತಿಯ ಅಂಗಿ ಮೈಗೆ ಅಂಟಿಕೊಂಡಾಗ ಚಳಿಯಾಗುವುದಕ್ಕೆ ಇದೂ ಒಂದು ಕಾರಣ. ಬಟ್ಟೆಯ ರಂಧ್ರಗಳಲ್ಲಿದ್ದ ಗಾಳಿಯ ಜಾಗವನ್ನು ಅಲ್ಲಿ ನೀರು ಆಕ್ರಮಿಸಿಕೊಂಡಿರುತ್ತದೆ.

ಕುರುಬರ ಕರಿಯ ಕಂಬಳಿಯನ್ನು ನೋಡಿ. ಹಿಂದೆ ಮಳವಳ್ಳಿ, ಮದ್ದೂರಿನ ಸೀಮೆಯ ರೈತನಿಗೆ ಅದು ಹಾಸಿಗೆ, ಹೊದಿಕೆ, ಕೊಡೆ ಮೂರೂ ಆಗಿತ್ತು. ನೂಲಿನ ಹಾಸನ್ನು ಹುಣಿಸೆಬೀಜದ ಗಂಜಿಯಿಂದ ಬಲಪಡಿಸಿ ನೇಯುತ್ತಿದ್ದ ಆ ಒರಟು ವಸ್ತ್ರವನ್ನು ಕೊಪ್ಪೆಯಾಗಿ ಮಡಿಸಿ ತಲೆಯ ಮೇಲೆ ಹಾಕಿಕೊಂಡು ನಾಟಿಯ ಗದ್ದೆಯ ಬದುವಿನ ಮೇಲೆ ನಿಂತವನಿಗೆ ಜಡಿಮಳೆಯ ಭಯವಿರಲಿಲ್ಲ. ಉಣ್ಣೆಯ ಎಳೆಯ ಹೊರಮೈ ಜಿಡ್ಡಿನಿಂದ ಕೂಡಿದ್ದು ನೀರಿನ ಹನಿಯನ್ನು ಜಾರಿಸಿಬಿಡುತ್ತದೆ. ಎಳೆಯ ಒಳಭಾಗವಾದರೋ ಹವೆಯಲ್ಲಿರುವ ನೀರಾವಿಯನ್ನು ಹೀರಿಕೊಳ್ಳುತ್ತದೆ. ತನ್ನ ತೂಕದ ಮೂರರಲ್ಲೊಂದು ಪಾಲಿನ ಹತ್ತಿರದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟುವ ಕೈಗೆ ಒದ್ದೆಯೆನಿಸುವುದಿಲ್ಲ. ಸ್ವಾರಸ್ಯವಿರುವುದು ಮುಂದಿನ ಸಂಗತಿಯಲ್ಲಿ. ನೀರಾವಿಯನ್ನು ಹೀರುವಾಗ ಉಣ್ಣೆಯು ಸ್ವಲ್ಪ ಶಾಖವನ್ನು ಹೊರಕ್ಕೆ ಬಿಡುತ್ತದೆ. ಒಣಹವೆಯಲ್ಲಿ ಆ ತೇವವನ್ನು ಬಿಟ್ಟುಕೊಡುವಾಗ ಸ್ವಲ್ಪ ಶಾಖವನ್ನು ತಾನೇ ತೆಗೆದುಕೊಳ್ಳುತ್ತದೆ. ಹೀಗೆ ಹವೆ ತಂಪಾಗಿ ತೇವಗೊಂಡಾಗ ಅದು ಬೆಚ್ಚಗಾಗುವುದು, ಹವೆ ಒಣಗಿದಾಗ ತಂಪಾಗುವುದು. ಹವೆಗೆ ತಕ್ಕಂತೆ ತನ್ನ ನಡತೆಯನ್ನು ಬದಲಿಸಿಕೊಳ್ಳುವ ಇಂಥ ವಸ್ತುವನ್ನು ಇಂದಿನ ವಿಜ್ಞಾನಿಗಳು ಹೊಂದಿಕೊಳ್ಳುವ ಉಷ್ಣನಿರೋಧಕವೆನ್ನುತ್ತಾರೆ. ಪ್ರಯೋಗಶಾಲೆಗಳಲ್ಲಿ ಬಹಳ ಶ್ರಮಪಟ್ಟು ಅಂಥವನ್ನು ತಯಾರಿಸುತ್ತಾರೆ. ಕುರಿಯು ಅದನ್ನು ಹುಲ್ಲು ಮೇಯ್ದು ತಯಾರಿಸುತ್ತದೆ.

ಬಟ್ಟೆಗಿಂತ ದೊಡ್ಡ ಹೊದಿಕೆಯಾದ ಮನೆಯ ಕಡೆಗೆ ಈಗ ತಿರುಗೋಣ. ನಮ್ಮ ಸೀಮೆಯ ಹಳೆಯ ತೊಟ್ಟಿಯ ಮನೆಗಳ ಗೋಡೆ ಒಂದೂವರೆ ಅಡಿ, ಕೆಲವೆಡೆ ಎರಡಡಿ ದಪ್ಪದ ಮಣ್ಣಿನದು. ಮಣ್ಣು ಉಣ್ಣೆಯಷ್ಟು ಒಳ್ಳೆಯ ನಿರೋಧಕವಲ್ಲ. ಅದರ ಗುಣ ಬೇರೆ; ಅದು ತೂಕದ ವಸ್ತು, ನಿಧಾನದ ವಸ್ತು. ಹೊರಮೈಗೆ ಬಿದ್ದ ಬಿಸಿಲಿನ ಶಾಖವನ್ನು ಗುಟುಕು ಗುಟುಕಾಗಿ ಕುಡಿಯುತ್ತ ಒಳಮೈಗೆ ತಲುಪಿಸಲು ಅಷ್ಟು ದಪ್ಪದ ಗೋಡೆ ಹತ್ತು ಹನ್ನೆರಡು ಗಂಟೆಗಳನ್ನು ತೆಗೆದುಕೊಳ್ಳುತ್ತದೆ. ಮಧ್ಯಾಹ್ನ ಎರಡು ಗಂಟೆಯ ಉರಿ ಒಳಗೆ ಬರುವ ವೇಳೆಗೆ ನಡುರಾತ್ರಿಯಾಗಿರುತ್ತದೆ. ಆಗ ಹೊರಗೆ ತಂಗಾಳಿ. ಮೇಲೆ ನಾಡಹೆಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಅನುಕೂಲವಂತರ ಮನೆಗಳ ಮೇಲೆ ಮಂಗಳೂರು ಹೆಂಚೂ ಬಂದಿತು. ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ಮೇಲಕ್ಕೆ ನುಸುಳಿ ಹೋಗುತ್ತದೆ. ಹೆಂಚಿಗೂ ವಾಸದ ಕೋಣೆಗೂ ನಡುವೆ ಅಟ್ಟ. ಅದು ಒಂದು ದೊಡ್ಡ ಗಾಳಿಯ ಪದರ. ಸೌದೆ, ಬೆರಣಿ, ತೆಂಗಿನಕಾಯಿಗಳನ್ನು ತುಂಬಿದ್ದರಂತೂ ಇನ್ನೂ ಒಳ್ಳೆಯದು. ಬಡವನ ಗುಡಿಸಲಿನ ಮೇಲೆ ಬತ್ತದ ಹುಲ್ಲು, ಕಬ್ಬಿನ ತರಗು, ತೆಂಗಿನ ಗರಿ. ಶಾಖವನ್ನು ತಡೆಯುವುದರಲ್ಲಿ ಆ ಗುಡಿಸಲು ಸಾಹುಕಾರನ ಹೆಂಚಿನ ಮನೆಗೆ ಸೋಲುತ್ತಿರಲಿಲ್ಲ. ಮಳೆಗೂ ಬೆಂಕಿಗೂ ಸೋಲುತ್ತಿತ್ತು. ಮನೆಯ ಅಂಗಳದಲ್ಲಿಯೇ ನೆಲದೊಳಗೆ ತೋಡಿದ ಹಗೇವಿನಲ್ಲಿ ರಾಗಿಯನ್ನು ವರ್ಷಾನುಗಟ್ಟಲೆ ಕೆಡದಂತೆ ಇಡುತ್ತಿದ್ದುದಕ್ಕೂ ಇದೇ ತತ್ತ್ವ ನೆರವಾಗುತ್ತಿತ್ತು. ಭೂಮಿಯ ಆಳದಲ್ಲಿ ಹಗಲಿನ ಬಿಸಿಯೂ ರಾತ್ರಿಯ ತಂಪೂ ಮುಟ್ಟುವುದಿಲ್ಲ.

ಹಾಗೆಂದು ಹಳೆಯ ಮನೆಗಳೆಲ್ಲ ಸ್ವರ್ಗವಾಗಿದ್ದುವೆಂದು ಭಾವಿಸಬಾರದು. ಅವು ಕತ್ತಲೆಯ ಮನೆಗಳು. ಇಲಿ, ಹೆಗ್ಗಣ, ಗೆದ್ದಲುಗಳ ಕಾಟ ಅಲ್ಲಿ ತಪ್ಪದು. ಗೋಡೆಗೆ ವರ್ಷವರ್ಷವೂ ಸಾರಣೆಯಾಗಬೇಕು, ಹೆಂಚನ್ನು ಮಳೆಗಾಲಕ್ಕೆ ಮೊದಲು ಕೈಯಾಡಿಸಬೇಕು. ಇವೆಲ್ಲಕ್ಕೂ ಆಳು ಬೇಕು. ಆದುದರಿಂದ ಸಿಮೆಂಟು ಸುಲಭವಾಗಿ ದೊರೆಯುವ ಕಾಲ ಬಂದಾಗ ಜನರು ಕಾಂಕ್ರೀಟಿನ ತಾರಸಿಯನ್ನು ಮೆಚ್ಚಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ಅಷ್ಟು ಹಣವಿಲ್ಲದವರು ಕಲ್ನಾರು ಶೀಟನ್ನೋ ತಗಡಿನ ಶೀಟನ್ನೋ ಹೊದಿಸಿಕೊಂಡರು. ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟು ಬಿಸಿಲಿನ ಶಾಖವನ್ನು ಎರಡು ಮೂರು ಗಂಟೆಗಳಲ್ಲಿಯೇ ಕೋಣೆಯೊಳಕ್ಕೆ ಇಳಿಸುತ್ತದೆ. ಸಂಜೆ ಗದ್ದೆಯಿಂದ ಬಂದವನು ಮಲಗುವ ಹೊತ್ತಿನಲ್ಲಿ ಸೂರೇ ಕಾದ ಕಾವಲಿಯಂತೆ ಕೆಳಗೆ ಶಾಖವನ್ನು ಸೂಸುತ್ತಿರುತ್ತದೆ. ತಗಡಿಗೆ ನಿಮಿಷಗಳು ಸಾಕು. ತಲೆಯ ಮೇಲೆ ಪಂಕ ತಿರುಗುತ್ತದೆ. ದೂರದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿಯೇ ವಿದ್ಯುತ್ತನ್ನು ಕಳುಹಿಸಿದ ಶಿವನಸಮುದ್ರ ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ. ವಿದ್ಯುತ್ತೇನೋ ಇದೆ; ಆದರೆ ಪಂಕವು ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಬೆವರನ್ನು ಆರಿಸುತ್ತದೆ ಅಷ್ಟೆ. ಸೂರಿನ ಬಳಿ ಕಾದು ನಿಂತ ಗಾಳಿಯನ್ನೇ ಅದು ಮಂಚದ ಮೇಲಿರುವ ಹಸುಗೂಸಿನ ಮೇಲೂ ಮುದುಕರ ಮೇಲೂ ತಳ್ಳುತ್ತದೆ.

ಈ ಬದಲಾವಣೆಯಲ್ಲಿ ಗೋಡೆ, ಮಾಡುಗಳಿಗಿಂತ ಹೆಚ್ಚು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹಳೆಯ ಮನೆ ತಾನಾಗಿಯೇ ಹವೆಗೆ ಹೊಂದಿಕೊಳ್ಳುತ್ತಿರಲಿಲ್ಲ. ಅದನ್ನು ಹೊಂದಿಸುತ್ತಿದ್ದವರು ಮನೆಯ ಜನ. ಬಿಸಿಲೇರುವ ಮೊದಲೇ ಅಜ್ಜಿ ಕಿಟಕಿ ಬಾಗಿಲುಗಳನ್ನು ಮುಚ್ಚಿಸುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಎಲ್ಲವನ್ನೂ ತೆರೆಸಿ, ತೊಟ್ಟಿಯ ಕಲ್ಲಿಗೆ ನೀರು ಚಿಮುಕಿಸುತ್ತಿದ್ದಳು. ಬೇಸಗೆಯ ರಾತ್ರಿ ಗಂಡಸರು ಜಗಲಿಯಲ್ಲಿ ಮಲಗುತ್ತಿದ್ದರು. ಮಾಗಿಯಲ್ಲಿ ಎಲ್ಲರೂ ಒಲೆಯ ಕೋಣೆಯ ಪಕ್ಕಕ್ಕೆ ಸರಿಯುತ್ತಿದ್ದರು. ಮನೆಯೆಂಬ ಹೊದಿಕೆಯನ್ನು ಕಂಬಳಿಯಂತೆಯೇ ಹೊದೆಯುವುದೂ ಸರಿಸುವುದೂ ದಿನದಿನವೂ ನಡೆಯುತ್ತಿತ್ತು. ಇಂದು ಹಗಲು ಮನೆಯಲ್ಲಿ ಯಾರೂ ಇಲ್ಲ, ಇಲ್ಲವೇ ಒಬ್ಬರೇ ವಯಸ್ಸಾದವರು. ಕಳ್ಳರ ಭಯದಿಂದ ಬಾಗಿಲು ಮುಚ್ಚಿರುತ್ತದೆ. ಸಂಜೆಯಾದರೆ ಸೊಳ್ಳೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಊರುಗಳಲ್ಲಿ ಗದ್ದೆಯ ಹಸುರಿನ ಜೊತೆಗೆ ಸೊಳ್ಳೆಯೂ ಬಂದಿತು. ಹೀಗಾಗಿ ಕಿಟಕಿಯನ್ನು ತೆರೆಯಬೇಕಾದ ಹೊತ್ತಿಗೇ ಸರಿಯಾಗಿ ಅದನ್ನು ಮುಚ್ಚುತ್ತಾರೆ. ಮನುಷ್ಯನ ಕೈ ಮಾಡುತ್ತಿದ್ದ ಕೆಲಸವನ್ನು ಇನ್ನು ಗೋಡೆಯೂ ಸೂರೂ ತಾವೇ ಮಾಡಬೇಕಾಗಿ ಬಂದಿದೆ. ಹವೆಗೆ ಹೊಂದಿಕೊಳ್ಳುವ ನಿರೋಧಕಗಳಿಗೆ ಲೋಕದಲ್ಲೆಲ್ಲ ಬೇಡಿಕೆ ಏರುತ್ತಿರುವುದಕ್ಕೆ ಬೇಸಗೆಯ ತೀವ್ರತೆ ಒಂದು ಕಾರಣ. ಬದಲಾದ ಬದುಕಿನ ಕ್ರಮ ಇನ್ನೊಂದು.

ಆ ಬೇಡಿಕೆ ಎಷ್ಟೆಂಬುದಕ್ಕೆ ಒಂದು ಅಂಕಿಯನ್ನು ಮಾತ್ರ ಕೊಡುತ್ತೇನೆ. ಭಾರತ ಸರ್ಕಾರವು 2019ರಲ್ಲಿ ಪ್ರಕಟಿಸಿದ ತಂಪಿನ ಕಾರ್ಯಯೋಜನೆಯು, ದೇಶದಲ್ಲಿ ತಂಪುಮಾಡಿಕೊಳ್ಳುವ ಅಗತ್ಯ 2037-38ರ ವೇಳೆಗೆ 2017-18ರಲ್ಲಿ ಇದ್ದುದರ ಸುಮಾರು ಎಂಟು ಪಟ್ಟಾಗುವುದೆಂದು ಅಂದಾಜುಮಾಡಿದೆ. ಇಷ್ಟನ್ನೂ ಹವಾನಿಯಂತ್ರಕ ಯಂತ್ರಗಳಿಂದಲೇ ಪೂರೈಸಹೊರಟರೆ ಅದಕ್ಕೆ ಬೇಕಾಗುವ ವಿದ್ಯುತ್ತಿಗೂ ಹಣಕ್ಕೂ ಮಿತಿಯಿಲ್ಲ. ಯಂತ್ರವು ಕೋಣೆಯೊಳಗಿನ ಬಿಸಿಯನ್ನು ಬೀದಿಗೆ ಎಸೆಯುತ್ತದೆ ಎಂಬುದನ್ನೂ ಮರೆಯಬಾರದು. ಆದುದರಿಂದಲೇ ವಾಸದ ಕಟ್ಟಡಗಳ ಗೋಡೆ ಮಾಡುಗಳು ಎಷ್ಟು ಶಾಖವನ್ನು ಒಳಕ್ಕೆ ಬಿಡಬಹುದೆಂಬುದನ್ನು ಗೊತ್ತುಮಾಡುವ 'ಇಕೋ ನಿವಾಸ್ ಸಂಹಿತಾ' ಎಂಬ ನಿಯಮಾವಳಿಯನ್ನು ಕೇಂದ್ರ ಸರ್ಕಾರವು 2018ರಲ್ಲಿ ಹೊರತಂದಿತು.

ಇನ್ನು ಹೊಸ ವಸ್ತುಗಳ ವಿಚಾರ. ಇವುಗಳಲ್ಲಿ ಬಹಳ ಕುತೂಹಲಕರವಾದುದರ ತತ್ತ್ವವನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ನಿಮ್ಮ ಮನೆಯ ಕೊಬ್ಬರಿ ಎಣ್ಣೆಯ ಸೀಸೆ ಸಾಕು. ಮಾಗಿಯ ಬೆಳಗ್ಗೆ ಅದು ಬೆಣ್ಣೆಯಂತೆ ಗಟ್ಟಿಯಾಗಿರುತ್ತದೆ. ಬಿಸಿಲೇರಿದ ಮೇಲೆ ನೀರಾಗುತ್ತದೆ. ಸುಮಾರು 24, 25 ಡಿಗ್ರಿಯಲ್ಲಿ ಈ ಮಾರ್ಪಾಟು ನಡೆಯುತ್ತದೆ. ಘನವಸ್ತು ಕರಗುವಾಗ ತನ್ನ ಉಷ್ಣತೆಯನ್ನು ಏರಿಸಿಕೊಳ್ಳದೆಯೇ ಬಹಳಷ್ಟು ಶಾಖವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೆಪ್ಪುಗಟ್ಟುವಾಗ ಅದನ್ನೆಲ್ಲ ಹಿಂದಕ್ಕೆ ಕೊಡುತ್ತದೆ. ಇದನ್ನು ಗುಪ್ತೋಷ್ಣವೆಂದು ನೀವು ವಿಜ್ಞಾನದ ಪಾಠದಲ್ಲಿ ಓದಿರಬಹುದು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಒಂದು ಕ್ಯಾಲೊರಿ ಸಾಕು. ಒಂದು ಗ್ರಾಂ ಮಂಜುಗಡ್ಡೆಯನ್ನು ಕರಗಿಸಲು 80 ಕ್ಯಾಲೊರಿ ಬೇಕು. 26 ಅಥವಾ 28 ಡಿಗ್ರಿಯಲ್ಲಿ ಕರಗುವ ಮೇಣವನ್ನೋ ಲವಣವನ್ನೋ ಗೋಡೆಯ ಗಾರೆಯಲ್ಲಿ, ಸೂರಿನ ಹಲಗೆಯಲ್ಲಿ ಸೇರಿಸಿದರೆ ಏನಾಗುತ್ತದೆ? ಹಗಲು ಕೋಣೆ ಕಾಯತೊಡಗಿದಾಗ ಮೇಣ ಕರಗುತ್ತ ಶಾಖವನ್ನು ನುಂಗುತ್ತದೆ. ರಾತ್ರಿ ತಂಪಾದಾಗ ಗಟ್ಟಿಯಾಗುತ್ತ ಅದನ್ನು ಉಗುಳುತ್ತದೆ. ಒಂದೂವರೆ ಅಡಿಯ ಮಣ್ಣಿನ ಗೋಡೆ ಮಾಡುತ್ತಿದ್ದ ಕೆಲಸವನ್ನು ಕೆಲವು ಅಂಗುಲಗಳ ಪದರ ಮಾಡುತ್ತದೆ.

ಇದನ್ನು ಮನೆಯಲ್ಲಿ ಪ್ರಯೋಗಿಸಿ ನೋಡಿದವರಲ್ಲಿ ಮೊದಲಿಗರಾದ ಮರಿಯಾ ಟೆಲ್ಕಿಸ್ ಎಂಬ ವಿಜ್ಞಾನಿ ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದವರು. ಇವರೂ ವಾಸ್ತುಶಿಲ್ಪಿ ಎಲಿನರ್ ರೇಮಂಡ್ ಅವರೂ ಸೇರಿ 1948ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಡೋವರ್ ಎಂಬ ಊರಿನಲ್ಲಿ ಒಂದು ಮನೆಯನ್ನು ಕಟ್ಟಿಸಿದರು. ಸುಮಾರು 32 ಡಿಗ್ರಿಯಲ್ಲಿ ಕರಗುವ ಗ್ಲಾಬರ್ ಲವಣವನ್ನು ಪೀಪಾಯಿಗಳಲ್ಲಿ ತುಂಬಿ, ಹಗಲಿನ ಬಿಸಿಲನ್ನು ಅದರಲ್ಲಿ ಹಿಡಿದಿಟ್ಟು ರಾತ್ರಿ ಮನೆಯನ್ನು ಬೆಚ್ಚಗಿಡುವುದು ಅವರ ಉದ್ದೇಶ. ಎರಡು ಚಳಿಗಾಲಗಳು ಚೆನ್ನಾಗಿ ಕಳೆದುವು. ಮೂರನೆಯದರಲ್ಲಿ ಲವಣವು ಪದರಪದರವಾಗಿ ಬೇರ್ಪಟ್ಟು ಮನೆ ತಣ್ಣಗಾಯಿತು. ಪ್ರಯೋಗ ನಿಂತಿತು, ವಿಚಾರ ನಿಲ್ಲಲಿಲ್ಲ. 1980ರ ದಶಕದಲ್ಲಿ ನಾಸಾ ಸಂಸ್ಥೆಯ ನೆರವಿನ ಸಂಶೋಧನೆಯಿಂದ, ಕರಗುವ ಮೇಣವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಲ್ಲಿ ತುಂಬಿ ಬಟ್ಟೆಯ ಎಳೆಗಳಲ್ಲಿ ಸೇರಿಸುವ ವಿಧಾನ ಹೊರಬಂದಿತು. ವ್ಯೋಮಯಾತ್ರಿಗಳ ಕೈಗವಸಿಗೆಂದು ಯೋಚಿಸಿದ್ದು ಇಂದು ಅಂಗಿ, ಕಾಲುಚೀಲ, ಹಾಸಿಗೆಗಳಲ್ಲಿ ಮಾರಾಟವಾಗುತ್ತದೆ. ಇಲ್ಲಿ ಸ್ವಲ್ಪ ಎಚ್ಚರಿಕೆ ಬೇಕು. ತೆಳುವಾದ ಅಂಗಿಯಲ್ಲಿ ಹಿಡಿಸುವ ಮೇಣ ಬಹಳ ಕಡಿಮೆ. ಅದರ ಉಪಕಾರ ಕೆಲವು ನಿಮಿಷಗಳದು, ದಿನವಿಡೀ ಅಲ್ಲ. ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ಹೋಗಿಬರುವವನಿಗೆ ಅದು ಹಿತವೆನಿಸೀತು. ದಿನವೆಲ್ಲ ಬಿಸಿಲಿನಲ್ಲಿ ಕಬ್ಬು ಕಡಿಯುವವನಿಗೆ ಸಡಿಲವಾದ ಹತ್ತಿಯ ಅಂಗಿಯೂ ತಲೆಯ ಮೇಲಿನ ಟವೆಲೂ ಮೇಲು. ಅಮೆರಿಕದ ಸ್ಯಾಮ್ಯುಯಲ್ ಕಿಸ್ಲರ್ 1931ರಲ್ಲಿ ತಯಾರಿಸಿದ ಏರೋಜೆಲ್ ಎಂಬ ಅತಿ ಹಗುರವಾದ ವಸ್ತುವು ನಿಶ್ಚಲ ಗಾಳಿಗಿಂತಲೂ ಒಳ್ಳೆಯ ನಿರೋಧಕ. ಆದರೆ ಅದರ ಬೆಲೆ ನಮ್ಮ ಸೂರಿಗೆ ಎಟುಕುವಂಥದಲ್ಲ.

ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಸೂರಿನ ಉಷ್ಣತೆ ಜೀವನೋಪಾಯದ ಪ್ರಶ್ನೆಯೂ ಆಗಿದೆ. ಇವು ಹಿಪ್ಪುನೇರಳೆಯ ತೋಟಗಳ ನಾಡು. ರೇಷ್ಮೆಹುಳುವಿನ ಮೈಗೆ ನಮ್ಮಂತೆ ಸ್ವಂತದ ಉಷ್ಣತೆಯಿಲ್ಲ; ಹುಳುಮನೆಯ ಉಷ್ಣತೆಯೇ ಅದರ ಉಷ್ಣತೆ. ಚಾಕಿಯ ಹಂತದಲ್ಲಿ 26ರಿಂದ 28 ಡಿಗ್ರಿ, ಬೆಳೆದ ಮೇಲೆ 24ರಿಂದ 26 ಡಿಗ್ರಿ ಅದಕ್ಕೆ ಹಿತ. ಹುಳು ಪೊರೆ ಕಳಚುವ ಮುನ್ನ ಮೇವು ಬಿಟ್ಟು ನಿಶ್ಚಲವಾಗಿರುವುದನ್ನು ರೈತರು ಜ್ವರವೆನ್ನುತ್ತಾರೆ. ಅಂಥ ನಾಲ್ಕು ಜ್ವರಗಳನ್ನು ಅದು ದಾಟಬೇಕು. ನಾಲ್ಕನೆಯ ಜ್ವರ ಎದ್ದ ಹುಳು ಹಗಲಿರುಳು ಸೊಪ್ಪು ತಿನ್ನುವ ಆ ವಾರದಲ್ಲಿ ತಗಡಿನ ಸೂರು ಕಾದು ಒಳಗಿನ ಉಷ್ಣತೆ 30 ಡಿಗ್ರಿಯನ್ನು ಮೀರಿ ಹಾಗೆಯೇ ನಿಂತರೆ, ಹುಳು ಸೊಪ್ಪು ಬಿಡುತ್ತದೆ, ರೋಗ ತಗಲುತ್ತದೆ. ಮೂರು ನಾಲ್ಕು ವಾರಗಳ ದುಡಿಮೆ, ಮೊಟ್ಟೆಗೂ ಗೊಬ್ಬರಕ್ಕೂ ಮಾಡಿದ ಸಾಲ, ಎಲ್ಲವೂ ಎರಡು ಮೂರು ದಿನಗಳಲ್ಲಿ ತಿಪ್ಪೆಗೆ ಹೋಗುತ್ತದೆ.

ಇದರಲ್ಲಿ ಒಂದು ವಿಪರ್ಯಾಸವಿದೆ. ಆ ಹುಳುವೇ ಹಣ್ಣಾಗಿ ಚಂದ್ರಿಕೆಯನ್ನೇರಿದ ಮೇಲೆ ಎರಡು ಮೂರು ದಿನಗಳಲ್ಲಿ ತನಗಾಗಿ ಒಂದು ಮನೆಯನ್ನು ಕಟ್ಟಿಕೊಳ್ಳುತ್ತದೆ. ನೂರಾರು ಮೀಟರು, ಕೆಲವು ತಳಿಗಳಲ್ಲಿ ಸಾವಿರ ಮೀಟರಿಗೂ ಮಿಕ್ಕಿದ ಒಂದೇ ಎಳೆಯನ್ನು ಪದರದ ಮೇಲೆ ಪದರವಾಗಿ ಸುತ್ತಿ, ಪದರಗಳ ನಡುವೆ ಗಾಳಿಯನ್ನು ಸೆರೆಹಿಡಿಯುತ್ತದೆ. ಆ ಗೂಡು ಉಸಿರಾಟಕ್ಕೆ ಗಾಳಿಯನ್ನು ಬಿಡುತ್ತದೆ, ತೇವವನ್ನು ಹೊರಹೋಗಗೊಡುತ್ತದೆ, ಹೊರಗಿನ ಬಿಸಿ ಚಳಿಗಳ ಪೆಟ್ಟು ಒಮ್ಮೆಲೆ ಒಳಗೆ ತಾಗದಂತೆ ನೋಡಿಕೊಳ್ಳುತ್ತದೆ. ಹೊಂದಿಕೊಳ್ಳುವ ಹೊದಿಕೆಯನ್ನು ಹುಡುಕುವ ವಿಜ್ಞಾನಿಗಳು ಈ ಗೂಡನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಅಭ್ಯಾಸಮಾಡುತ್ತಿದ್ದಾರೆ. ಇಂಥ ಮನೆಯನ್ನು ಕಟ್ಟಬಲ್ಲ ಜೀವಿ, ನಾವು ಕಟ್ಟಿದ ಮನೆಯ ಬಿಸಿಯಿಂದ ಅದಕ್ಕೆ ಮೊದಲೇ ಸಾಯುತ್ತದೆ.

ಹಾಗಾದರೆ ಬಡರೈತನ ಸೂರಿಗೆ ಏನು ಗತಿ? ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ ಅವರು 1974ರಲ್ಲಿ 'ಅಸ್ತ್ರ' ಎಂಬ ವಿಭಾಗವನ್ನು ಆರಂಭಿಸಿದರು. ಹಳ್ಳಿಯ ಬದುಕಿಗೆ ವಿಜ್ಞಾನವನ್ನು ಒದಗಿಸುವುದು ಅದರ ಗುರಿ. ಮಂಡ್ಯ ಜಿಲ್ಲೆಗೆ ನೆರೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕ್ಷೇತ್ರಕೇಂದ್ರವಿತ್ತು. ಕೆ. ಎಸ್. ಜಗದೀಶ್ ಮೊದಲಾದವರು ಅಲ್ಲಿ ಮಣ್ಣಿನ ಮನೆಯನ್ನು ಹೊಸ ಕಣ್ಣಿನಿಂದ ನೋಡಿದರು. ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟನ್ನು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಇಟ್ಟಿಗೆಯಾಗಿಸಿದರೆ ಗೂಡು ಹಾಕಿ ಸುಡುವ ಸೌದೆ ಉಳಿಯುತ್ತದೆ; ಮಳೆಗೆ ಕರಗದ ಗೋಡೆಯೂ ದೊರೆಯುತ್ತದೆ. ಅಂಥ ಇಟ್ಟಿಗೆಯ ಕಟ್ಟಡಗಳು ಇಂದು ಕರ್ನಾಟಕದಲ್ಲಿ ಸಾವಿರಾರು ಇವೆ. ಸೂರಿನ ಮಟ್ಟಿಗೆ ಹೇಳುವುದಾದರೆ, ಬಿಳಿಯ ಸುಣ್ಣ ಬಳಿದ ತಾರಸಿ ಬಿಸಿಲನ್ನು ಬಹುಮಟ್ಟಿಗೆ ಹಿಂದಕ್ಕೆ ಎಸೆಯುತ್ತದೆ. ಇದಕ್ಕಿಂತ ಅಗ್ಗದ ಉಪಾಯ ನನಗೆ ತೋರುವುದಿಲ್ಲ. ನೆರೆಯ ತೆಲಂಗಾಣ ರಾಜ್ಯವು 2023ರಲ್ಲಿ ತಂಪುಸೂರುಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಬೇಸಗೆಗೆ ಮೊದಲು ವರ್ಷಕ್ಕೊಮ್ಮೆ ಬಳಿಯುವ ಸುಣ್ಣವನ್ನು ಮಳೆಗಾಲ ತೊಳೆಯುತ್ತದೆ, ಮಾಗಿಯಲ್ಲಿ ಸೂರು ಮತ್ತೆ ಬಿಸಿಲನ್ನು ಹೀರುತ್ತದೆ. ಇದೂ ಒಂದು ಬಗೆಯ ಹೊಂದಾಣಿಕೆಯೇ.

ಮಂಡ್ಯದ ಸೀಮೆಯಲ್ಲಿ ಉಷ್ಣನಿರೋಧಕಕ್ಕೆ ಬೇಕಾದ ಕಚ್ಚಾವಸ್ತು ದಾರಿಯಲ್ಲಿಯೇ ಬಿದ್ದಿದೆ. 1920ರ ದಶಕದಲ್ಲಿ ಅಮೆರಿಕದ ಕಬ್ಬಿನ ನಾಡಾದ ಲೂಯಿಸಿಯಾನದಲ್ಲಿ ರಸ ತೆಗೆದ ಕಬ್ಬಿನ ಸಿಪ್ಪೆಯಿಂದ ಉಷ್ಣನಿರೋಧಕ ಹಲಗೆಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರತೊಡಗಿದರು. ನಮ್ಮಲ್ಲಿ ಆ ಸಿಪ್ಪೆ ಬಹುಪಾಲು ಸಕ್ಕರೆ ಕಾರ್ಖಾನೆಯ ಬಾಯ್ಲರಿಗೂ ಆಲೆಮನೆಯ ಒಲೆಗೂ ಹೋಗುತ್ತದೆ, ಅದೂ ವ್ಯರ್ಥವಲ್ಲ. ಆದರೆ ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ದೂರದ ಊರುಗಳಿಗೆ ಲಾರಿಗಳಲ್ಲಿ ಹೋಗುವ ಕಾಯಿಗಳ ಬುರುಡೆಗಳು ಬೀದಿಬೀದಿಗಳಲ್ಲಿ ರಾಶಿಯಾಗುತ್ತವೆ. ಬಲಿತ ಕಾಯಿಯ ಮಟ್ಟೆಯ ನಾರಂತೂ ಉಣ್ಣೆಯಂತೆಯೇ ಗಾಳಿಯನ್ನು ಹಿಡಿದಿಡುತ್ತದೆ. ಒತ್ತಿ ಹಲಗೆ ಮಾಡಿದರೆ ತಗಡಿನ ಸೂರಿನ ಕೆಳಗೆ ಒಳ್ಳೆಯ ತಡೆಯಾಗುತ್ತದೆ.

ಇದಕ್ಕೆಲ್ಲ ಕಾಯದೆ ಮಳವಳ್ಳಿಯ ಕಡೆಯ ಹುಳುಮನೆಗಳಲ್ಲಿ ರೈತರು ತಮಗೆ ತಿಳಿದುದನ್ನು ಮಾಡುತ್ತಲೇ ಇದ್ದಾರೆ. ತಗಡಿನ ಮೇಲೆ ತೆಂಗಿನ ಗರಿಗಳನ್ನು ಒಂದರ ಮೇಲೊಂದು ಹೊದಿಸಿ ಹಗ್ಗದಿಂದ ಬಿಗಿಯುತ್ತಾರೆ. ಗರಿಗೂ ತಗಡಿಗೂ ನಡುವೆ ಗೇಣುದ್ದ ಗಾಳಿ ಆಡುವಂತೆ ಬಿದಿರಿನ ಗಳುಗಳನ್ನು ಇಟ್ಟವರ ಮನೆ ಇನ್ನೂ ತಂಪು. ಕಿಟಕಿಗೆ ಗೋಣಿತಾಟನ್ನು ಇಳಿಬಿಟ್ಟು ಗಂಟೆಗೊಮ್ಮೆ ನೀರು ಚಿಮುಕಿಸುತ್ತಾರೆ. ಸಂಜೆ ಗಾಳಿ ತಿರುಗಿದೊಡನೆ ಅದನ್ನು ಎತ್ತಿ ಕಟ್ಟುತ್ತಾರೆ. ಒಳಗಿನ ಗೋಡೆಯಲ್ಲಿ ಒಂದು ಉಷ್ಣಮಾಪಕ ತೂಗುತ್ತಿರುತ್ತದೆ. ಹುಳು ನಾಲ್ಕನೆಯ ಜ್ವರ ಎದ್ದಿರುವ ದಿನಗಳಲ್ಲಿ ಮನೆಯ ಹೆಂಗಸರು ರಾತ್ರಿ ಸೊಪ್ಪು ಹಾಕಲು ಎದ್ದಾಗ ಮೊದಲು ನೋಡುವುದು ಅದನ್ನು.